ಒಂಬತ್ತನೇ ತರಗತಿಯ ಮಕ್ಕಳು ಬಿಡಿಸಿದ ಬಡಾವಣೆಯ ನಕ್ಷೆಯನ್ನು ಓದುವುದು ಹೇಗೆ?

ಪ್ರಶ್ನೆ: ನಾನು ಬೆಂಗಳೂರಿನ ಪೂರ್ವ ಭಾಗದ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಶಿಕ್ಷಕಿ. ‘ನನ್ನ ಬಡಾವಣೆಯ ಪರಿಸರದ ಆರೋಗ್ಯ’ ಎಂಬ ವಿಷಯ ಕೊಟ್ಟು, ಎರಡು ಪುಟ ಬರೆದು ಒಂದು ನಕ್ಷೆ ಬಿಡಿಸಿ ತರುವಂತೆ ಒಂಬತ್ತನೇ ತರಗತಿಯವರಿಗೆ ಹೇಳಿದ್ದೆ. ಹೆಚ್ಚಿನವರು ಕಸದ ರಾಶಿ, ಬೀದಿನಾಯಿ, ಕತ್ತಲೆ ರಸ್ತೆ, ಆಟಕ್ಕೆ ಜಾಗವಿಲ್ಲದಿರುವುದು ಇವುಗಳ ಬಗ್ಗೆಯೇ ಬರೆದಿದ್ದಾರೆ. ಗಾಳಿಯ ಬಗ್ಗೆ ಬರೆದವರು ಬೆರಳೆಣಿಕೆಯಷ್ಟು ಮಂದಿ. ಬೆಳ್ಳಂದೂರು ಕೆರೆಯ ಪಕ್ಕದಲ್ಲೇ ಇರುವ ಕೆಲವರು ಕೆರೆಯ ಹೆಸರನ್ನೂ ಎತ್ತಿಲ್ಲ; ಆದರೆ ಓಜೋನ್ ಪದರ ಮತ್ತು ಹಿಮನದಿಗಳ ಬಗ್ಗೆ ಉದ್ದಕ್ಕೆ ಬರೆದಿದ್ದಾರೆ. ‘ನಮ್ಮ ಕಡೆ ಏನೂ ತೊಂದರೆ ಇಲ್ಲ’ ಎಂದು ಬರೆದವರೂ ಇದ್ದಾರೆ. ಇವರಿಗೆ ವಿಷಯ ಅರ್ಥವಾಗಿಲ್ಲವೇ? ಇವನ್ನು ಪಾಲಿಕೆಯ ಕಚೇರಿಗೆ ಕಳಿಸುವಷ್ಟು ತೂಕ ಇದೆಯೇ?

ಉತ್ತರ: ಎರಡೂ ಪ್ರಶ್ನೆಗಳಿಗೆ ಮೊದಲೇ ನೇರವಾಗಿ ಹೇಳುತ್ತೇನೆ. ಮಕ್ಕಳಿಗೆ ವಿಷಯ ಅರ್ಥವಾಗಿದೆ, ಮತ್ತು ಅವರ ಬರಹಗಳಿಗೆ ಕಚೇರಿಯ ಮೇಜಿನವರೆಗೆ ಹೋಗುವಷ್ಟು ತೂಕ ಖಂಡಿತವಾಗಿಯೂ ಇದೆ. ಪಠ್ಯದಲ್ಲಿರುವ ಪದಗಳು ಬರಹದಲ್ಲಿ ಕಾಣದಿದ್ದರೆ ಮಕ್ಕಳಿಗೆ ತಿಳಿದಿಲ್ಲವೆಂದೂ, ಕಂಡರೆ ಚೆನ್ನಾಗಿ ತಿಳಿದಿದೆಯೆಂದೂ ಭಾವಿಸುವ ಅಭ್ಯಾಸ ನಮ್ಮಲ್ಲಿ ಬಲವಾಗಿದೆ. ಇವನ್ನು ಪರೀಕ್ಷೆಯ ಉತ್ತರಪತ್ರಿಕೆಗಳಂತೆ ಓದದೆ, ಸ್ಥಳದಲ್ಲಿ ದಿನವೂ ಇರುವವರ ಸಾಕ್ಷ್ಯವೆಂದು ಓದಿ ಎಂಬುದು ನನ್ನ ಮುಖ್ಯ ಸಲಹೆ. ಸಾಕ್ಷಿ ಕಣ್ಣಾರೆ ಕಂಡದ್ದನ್ನು ನಂಬಬೇಕು; ಆತನ ಕಣ್ಣಿಗೆ ಬೀಳಲು ಸಾಧ್ಯವೇ ಇಲ್ಲದ್ದಕ್ಕೆ ಬೇರೆ ಪುರಾವೆ ತರಬೇಕು. ನಿಮ್ಮ ತರಗತಿಯ ಬರಹಗಳಲ್ಲಿ ಈ ಎರಡೂ ಭಾಗಗಳು ಸ್ಪಷ್ಟವಾಗಿ ಕಾಣುತ್ತಿವೆ.

ಮೊದಲು ಅವರು ಕಂಡದ್ದರ ವಿಚಾರ. ಕಸ, ನಾಯಿ, ಕತ್ತಲೆ ಎಂಬ ಮೂರು ಮಾತುಗಳನ್ನು ನಾವು ‘ಇವು ಪರಿಸರದ ವಿಷಯಗಳೇ ಅಲ್ಲ, ಪಾಲಿಕೆಯ ದೂರುಗಳು’ ಎಂದು ಬದಿಗೆ ಸರಿಸುತ್ತೇವೆ. ಆದರೆ ಹದಿನಾಲ್ಕು ವರ್ಷದ ಹುಡುಗ ಅಥವಾ ಹುಡುಗಿ ಬಡಾವಣೆಯನ್ನು ನಡೆದು ತಿಳಿದವರು. ಅವರ ತಂದೆತಾಯಂದಿರು ಅದೇ ರಸ್ತೆಯನ್ನು ಹೆಲ್ಮೆಟ್ ಹಾಕಿಕೊಂಡು ಸ್ಕೂಟರ್‌ನಲ್ಲಿ ದಾಟಿಬಿಡುತ್ತಾರೆ. ಬೆಳಗಿನ ಟ್ಯೂಷನ್, ಶಾಲೆ, ಅಂಗಡಿ, ಸಂಜೆಯ ಟ್ಯೂಷನ್, ಗೆಳೆಯರ ಮನೆ ಎಂದು ದಿನಕ್ಕೆ ಹಲವು ಸಲ ಅದೇ ಗಲ್ಲಿಗಳಲ್ಲಿ ಓಡಾಡುವ ಮಕ್ಕಳಿಗೆ ಯಾವ ತಿರುವಿನಲ್ಲಿ ಫುಟ್‌ಪಾತಿನ ಕಲ್ಲುಚಪ್ಪಡಿ ಇಲ್ಲ, ಆಟೋ ಟಿಪ್ಪರ್ ಬಂದು ಹೋದ ಮೇಲೆ ಯಾವ ಮನೆಯವರು ಕವರಿನಲ್ಲಿ ಕಸ ಕಟ್ಟಿ ಟ್ರಾನ್ಸ್‌ಫಾರ್ಮರ್ ಪಕ್ಕ ಎಸೆಯುತ್ತಾರೆ, ಆ ಕವರನ್ನು ಹರಿಯಲು ನಾಯಿಗಳು ಎಷ್ಟು ಹೊತ್ತಿಗೆ ಬರುತ್ತವೆ ಎಂಬುದೆಲ್ಲ ಗೊತ್ತಿರುತ್ತದೆ. ಇಷ್ಟು ಸೂಕ್ಷ್ಮವಾದ ಸ್ಥಳೀಯ ಮಾಹಿತಿ ಯಾವ ಇಲಾಖೆಯ ಕಡತದಲ್ಲೂ ಇರುವುದಿಲ್ಲ.

ನಗರದ ಜನ ‘ಬ್ಲಾಕ್ ಸ್ಪಾಟ್’ ಎಂದು ಕರೆಯುವ ಕಸದ ಜಾಗವೊಂದನ್ನು ಮಕ್ಕಳ ನಕ್ಷೆಯಲ್ಲಿ ಗಮನವಿಟ್ಟು ನೋಡಿ. ಅದು ಹೆಚ್ಚಾಗಿ ಖಾಲಿ ಸೈಟಿನ ಮೂಲೆಯಲ್ಲೋ, ರಾಜಕಾಲುವೆಯ ತಡೆಗೋಡೆಯ ಬಳಿಯೋ, ಶಾಲೆಯ ಹಿಂಬದಿಯ ಕಾಂಪೌಂಡಿನ ಪಕ್ಕವೋ ಇರುತ್ತದೆ. ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ತ್ಯಾಜ್ಯಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೊಂದು ಚೀಲ ಎಂಬ ವ್ಯವಸ್ಥೆಯನ್ನು ಹೈಕೋರ್ಟ್ 2015ರಲ್ಲೇ ಕಡ್ಡಾಯ ಮಾಡಿದೆ. 2016ರ ಘನತ್ಯಾಜ್ಯ ನಿಯಮಗಳು ಕಸವನ್ನು ಬಯಲಿನಲ್ಲಿ ಸುಡುವುದನ್ನು ನಿಷೇಧಿಸಿದವು. ಅದೇ ವರ್ಷದ ಡಿಸೆಂಬರ್‌ನಲ್ಲಿ, ಬೆಂಗಳೂರಿನವರೇ ಆದ ಅಲ್ಮಿತ್ರಾ ಪಟೇಲ್ ಅವರ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯು ಕಸ ಸುಡುವವರಿಗೆ 5,000 ರೂಪಾಯಿ, ದೊಡ್ಡ ಪ್ರಮಾಣದಲ್ಲಿ ಸುಟ್ಟರೆ 25,000 ರೂಪಾಯಿ ದಂಡ ವಿಧಿಸಲು ಆದೇಶಿಸಿತು. ಆದೇಶಗಳು ಇಷ್ಟಿದ್ದರೂ ಒಣ ಎಲೆಯ ಜೊತೆ ಪ್ಲಾಸ್ಟಿಕ್ ಸೇರಿಸಿ ಬೆಳಗ್ಗೆ ಆರೂವರೆಗೆ ಬೆಂಕಿ ಹಚ್ಚುವ ಜಾಗ ಎಲ್ಲಿದೆ ಎಂಬುದನ್ನು ಹೇಳಬಲ್ಲವರು ಟ್ಯೂಷನ್‌ಗೆ ಹೊರಟ ಮಕ್ಕಳೇ. ಅವರು ಅದನ್ನು ‘ವಾಯುಮಾಲಿನ್ಯ’ ಎಂದು ಬರೆದಿರಲಿಕ್ಕಿಲ್ಲ, ‘ಕಸ ಸುಡ್ತಾರೆ, ವಾಸನೆ ಬರುತ್ತೆ’ ಎಂದು ಬರೆದಿರಬಹುದು. ಹಾಗೆ ಬರೆದವರನ್ನೂ ಗಾಳಿಯ ಬಗ್ಗೆ ಬರೆದವರ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಬೆರಳೆಣಿಕೆಯ ಸಂಖ್ಯೆ ಹೆಚ್ಚಾಗುವ ಸಾಧ್ಯತೆಯಿದೆ.

ಆಟಕ್ಕೆ ಜಾಗವಿಲ್ಲವೆಂಬ ದೂರು ಇದಕ್ಕಿಂತಲೂ ಗಂಭೀರವಾದದ್ದು ಎಂದು ನನ್ನ ಅಭಿಪ್ರಾಯ. ನಮ್ಮ ಬಡಾವಣೆಗಳ ಉದ್ಯಾನಗಳಲ್ಲಿ ಚಿಕ್ಕ ಮಕ್ಕಳಿಗೆ ಜಾರುಬಂಡೆ ಮತ್ತು ಉಯ್ಯಾಲೆ ಇರುತ್ತವೆ, ಹಿರಿಯರಿಗೆ ವಾಕಿಂಗ್ ಪಾತ್ ಇರುತ್ತದೆ, ಗೇಟಿನಲ್ಲಿ ‘ಚೆಂಡಾಟ ನಿಷೇಧಿಸಲಾಗಿದೆ’ ಎಂಬ ಫಲಕವಿರುತ್ತದೆ. ಉಯ್ಯಾಲೆಗೆ ದೊಡ್ಡವರೂ ವಾಕಿಂಗ್‌ಗೆ ಚಿಕ್ಕವರೂ ಆದ ಈ ವಯಸ್ಸಿನವರು ಎಲ್ಲಿ ನಿಂತರೂ ಯಾರಾದರೊಬ್ಬರು ‘ಇಲ್ಲೇನು ಮಾಡ್ತಿದ್ದೀರಾ’ ಎಂದು ಕೇಳುತ್ತಾರೆ. ಬಡಾವಣೆಯಲ್ಲಿ ಎಷ್ಟು ಹಸಿರಿದೆ ಎಂಬುದಕ್ಕಿಂತ ಆ ಹಸಿರಿನಲ್ಲಿ ತಮ್ಮನ್ನು ಇರಗೊಡುತ್ತಾರೆಯೇ ಎಂಬುದೇ ಅವರಿಗೆ ಪರಿಸರದ ಮೊದಲ ಅಳತೆಯಾಗಿರುತ್ತದೆ. ಹೆಣ್ಣುಮಕ್ಕಳ ನಕ್ಷೆಗಳನ್ನು ಪ್ರತ್ಯೇಕವಾಗಿ ಜೋಡಿಸಿ ನೋಡಿದರೆ ಇದು ಇನ್ನೂ ನಿಚ್ಚಳವಾಗಿ ಕಾಣಬಹುದು. ಕೆಟ್ಟುಹೋದ ಬೀದಿದೀಪ, ಗಂಡಸರು ಗುಂಪಾಗಿ ನಿಲ್ಲುವ ಮೂಲೆ, ಮೂತ್ರದ ವಾಸನೆಯ ಗೋಡೆ, ಬೀಗ ಹಾಕಿದ ಸಾರ್ವಜನಿಕ ಶೌಚಾಲಯ ಇವೆಲ್ಲ ಸೇರಿ ಹುಡುಗಿಯೊಬ್ಬಳು ಸಂಜೆ ಹೋಗಬಹುದಾದ ಜಾಗ ಎಷ್ಟೆಂದು ತೀರ್ಮಾನವಾಗುತ್ತದೆ. ನಡೆಯದ, ಆಡದ, ಮನೆಯೊಳಗೇ ಸಂಜೆ ಕಳೆಯುವ ಹದಿಹರೆಯವು ಮುಂದಿನ ಹಲವು ಕಾಯಿಲೆಗಳಿಗೆ ದಾರಿಯೆಂಬುದು ವೈದ್ಯಶಾಸ್ತ್ರದಲ್ಲಿ ವಿವಾದವಿಲ್ಲದ ಮಾತು. ಆದ್ದರಿಂದ ಕತ್ತಲೆ ರಸ್ತೆಯ ದೂರು ಪರಿಸರದ ಆರೋಗ್ಯದ ದೂರೇ ಆಗಿದೆ.

ಮಕ್ಕಳು ಹೀಗೆ ಊರನ್ನು ಓದುವುದು ಹೊಸ ಸಂಗತಿಯಲ್ಲ, ಬೆಂಗಳೂರಿನಲ್ಲೇ ಇದರ ದಾಖಲೆಯಿದೆ. ಅಮೆರಿಕದ ನಗರ ಯೋಜಕ ಕೆವಿನ್ ಲಿಂಚ್ ಅವರು 1970ರ ದಶಕದಲ್ಲಿ ಯುನೆಸ್ಕೋ ನೆರವಿನಿಂದ, ನಗರಗಳಲ್ಲಿ ಬೆಳೆಯುವ ಎಳೆಯರು ತಮ್ಮ ನೆರೆಹೊರೆಯನ್ನು ಹೇಗೆ ಕಾಣುತ್ತಾರೆಂದು ಹಲವು ದೇಶಗಳಲ್ಲಿ ಅಧ್ಯಯನ ನಡೆಸಿದ್ದರು. ಅದನ್ನು 1990ರ ದಶಕದಲ್ಲಿ ಲೂಯಿಸ್ ಚಾವ್ಲಾ ಅವರ ನೇತೃತ್ವದಲ್ಲಿ ಮತ್ತೆ ಕೈಗೆತ್ತಿಕೊಂಡಾಗ ಆಯ್ದುಕೊಂಡ ಸ್ಥಳಗಳಲ್ಲಿ ಬೆಂಗಳೂರಿನ ಅಂಚಿನಲ್ಲಿದ್ದ ಸತ್ಯನಗರ ಎಂಬ ಬಡವರ ಬಡಾವಣೆಯೂ ಒಂದು. ಅಲ್ಲಿನ ಮಕ್ಕಳ ಕೈಯಲ್ಲೇ ನಕ್ಷೆ ಬಿಡಿಸಿ, ಅವರ ಜೊತೆ ಬೀದಿ ಸುತ್ತಿ, ಅವರ ಮಾತುಗಳನ್ನು ಸಂಗ್ರಹಿಸಲಾಯಿತು. ನೀರಿಗೆ ಪರದಾಟ, ಶೌಚಾಲಯಗಳ ಕೊರತೆ, ಚರಂಡಿಯ ಸಮಸ್ಯೆ ಎಲ್ಲ ಇದ್ದರೂ ಆ ಮಕ್ಕಳು ತಮ್ಮ ಜಾಗವನ್ನು ಮೆಚ್ಚಿಕೊಂಡೇ ಮಾತನಾಡಿದರೆಂಬುದು ಸಂಶೋಧಕರು ಒತ್ತಿ ಹೇಳಿದ ಸಂಗತಿ. ಗುರುತಿನ ಮುಖಗಳು, ಬೀದಿಯಲ್ಲಿ ಆಡುವ ಸ್ವಾತಂತ್ರ್ಯ, ಹಬ್ಬಗಳು ಅವರಿಗೆ ಆ ನೆಮ್ಮದಿ ಕೊಟ್ಟಿದ್ದವು. ಹೊಸ ಅಪಾರ್ಟ್‌ಮೆಂಟಿನ ಮಕ್ಕಳಲ್ಲಿ ಇದಕ್ಕೆ ವಿರುದ್ಧವಾದ ಚಿತ್ರವೂ ಸಿಗಬಹುದು. ನೀರು, ದೀಪ, ಸ್ವಚ್ಛತೆ ಎಲ್ಲವೂ ಇದ್ದು, ಗೇಟಿನಾಚೆ ತಮ್ಮದೆನ್ನುವ ಒಂದೂ ಜಾಗವಿಲ್ಲದ ನಕ್ಷೆ ನಿಮ್ಮ ಕೈಗೆ ಬಂದರೆ ಅದನ್ನೂ ಕೊರತೆಯೆಂದೇ ಗುರುತಿಸಿಕೊಳ್ಳಿ.

ಇನ್ನು ಅವರಿಗೆ ಕಾಣದೆ ಹೋದದ್ದು. ಗಾಳಿಯ ಬಗ್ಗೆ ಮಕ್ಕಳು ಬರೆಯಲಿಲ್ಲವೆಂಬುದು ನಿಮ್ಮ ಶಾಲೆಗೆ ಮಾತ್ರ ಸಂಬಂಧಿಸಿದ್ದಲ್ಲ. ಅಮೆರಿಕದ ಮನಃಶಾಸ್ತ್ರಜ್ಞ ಪೀಟರ್ ಕಾನ್ ಮತ್ತು ಅವರ ಸಹೋದ್ಯೋಗಿ ಹ್ಯೂಸ್ಟನ್ ನಗರದ ಬಡ ಕಪ್ಪು ಕುಟುಂಬಗಳ ಶಾಲಾಮಕ್ಕಳನ್ನು ಮಾತನಾಡಿಸಿ 1995ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಆ ಮಕ್ಕಳು ನಿಮ್ಮ ವಿದ್ಯಾರ್ಥಿಗಳಿಗಿಂತ ಚಿಕ್ಕವರು, ಒಂದರಿಂದ ಐದನೇ ತರಗತಿಯವರು. ವಾಯುಮಾಲಿನ್ಯವೆಂದರೇನು ಎಂಬುದು ಅವರಲ್ಲಿ ಅನೇಕರಿಗೆ ತಿಳಿದಿತ್ತು, ಆದರೆ ತಮ್ಮ ಊರಿನಲ್ಲಿ ಆ ಸಮಸ್ಯೆ ಇದೆಯೆಂದು ಅವರು ಒಪ್ಪಲಿಲ್ಲ. ಹ್ಯೂಸ್ಟನ್ ಆ ಕಾಲಕ್ಕೆ ಅಮೆರಿಕದ ಅತಿ ಮಲಿನ ನಗರಗಳಲ್ಲಿ ಒಂದಾಗಿತ್ತು. ಹುಟ್ಟಿದಾಗಿನಿಂದ ಉಸಿರಾಡಿದ ಗಾಳಿಯೇ ‘ಸಾಮಾನ್ಯ ಗಾಳಿ’ಯ ಅಳತೆಗೋಲಾಗಿಬಿಡುತ್ತದೆ ಎಂಬುದು ಕಾನ್ ಅವರ ವಿವರಣೆ, ಪ್ರತಿ ತಲೆಮಾರೂ ತಾನು ಬಾಲ್ಯದಲ್ಲಿ ಕಂಡ ಪರಿಸರವನ್ನೇ ಸರಿಯಾದ ಸ್ಥಿತಿಯೆಂದು ತಿಳಿಯುವ ಈ ಮರೆವನ್ನು ಅವರು ಮುಂದೆ ಹಲವು ಬರಹಗಳಲ್ಲಿ ವಿವರಿಸಿದರು. ದೊಡ್ಡವರೂ ಇದಕ್ಕೆ ಹೊರತಲ್ಲ. ಊರಿನ ಗಾಳಿ ಕೆಟ್ಟಿದೆ ಎಂದು ಒಪ್ಪುವವರೇ ತಮ್ಮ ಬೀದಿಯ ಗಾಳಿ ಪರವಾಗಿಲ್ಲ ಎನ್ನುವುದನ್ನು ಇಂಗ್ಲೆಂಡಿನಲ್ಲಿ ನಡೆದ ಅಧ್ಯಯನಗಳೂ ದಾಖಲಿಸಿವೆ. ವಾಸಿಸುವ ಜಾಗದ ಮೇಲಿನ ಅಭಿಮಾನ ಇದರಲ್ಲಿ ಬೆರೆತಿರುತ್ತದೆ, ಆ ಅಭಿಮಾನವನ್ನು ಅವಮಾನಿಸದೆಯೇ ಪಾಠ ಮಾಡಬೇಕಾಗುತ್ತದೆ.

ಕೆರೆಯ ಹೆಸರು ಏಕೆ ಬರಲಿಲ್ಲ ಎಂಬುದಕ್ಕೂ ಉತ್ತರ ಇಲ್ಲೇ ಇದೆ. ಸುಮಾರು 900 ಎಕರೆಯ ಬೆಳ್ಳಂದೂರು ಕೆರೆ ಬೆಂಗಳೂರಿನ ಕೆರೆಗಳಲ್ಲೇ ದೊಡ್ಡದು. ನಗರದ ಅಪಾರ ಪ್ರಮಾಣದ ಕೊಳಚೆ ನೀರು ರಾಜಕಾಲುವೆಗಳ ಮೂಲಕ ಅದಕ್ಕೆ ಸೇರುತ್ತ ಬಂದು, ಸೋಪು ಮತ್ತು ಡಿಟರ್ಜೆಂಟ್‌ಗಳ ರಾಸಾಯನಿಕಗಳು ನೀರಿನಲ್ಲಿ ತುಂಬಿಕೊಂಡವು. ಯಮಲೂರಿನ ಕೋಡಿಯಲ್ಲಿ ನೀರು ಧುಮ್ಮಿಕ್ಕುವಾಗ, ಅದರಲ್ಲೂ ಮಳೆಗಾಲದಲ್ಲಿ ಹರಿವು ಹೆಚ್ಚಿದಾಗ, ಆ ನೀರು ಕಡೆದಂತಾಗಿ ನೊರೆ ಎದ್ದು ರಸ್ತೆಗೂ ಹಾರುತ್ತಿತ್ತು. 2015ರಲ್ಲಿ ಆ ನೊರೆಗೇ ಬೆಂಕಿ ಹೊತ್ತಿಕೊಂಡ ಸುದ್ದಿ ದೇಶವಿದೇಶಗಳಿಗೆ ಹೋಯಿತು. 2017ರ ಫೆಬ್ರವರಿಯಲ್ಲಿ ಮತ್ತು 2018ರ ಜನವರಿಯಲ್ಲಿ ಕೆರೆಯಂಗಳದಿಂದ ಮತ್ತೆ ಹೊಗೆ ಎದ್ದಿತು, 2018ರಲ್ಲಿ ಬೆಂಕಿ ಆರಿಸಲು ಸೇನೆಯ ಜವಾನರೂ ಬರಬೇಕಾಯಿತು. ಈಗ ಒಂಬತ್ತನೇ ತರಗತಿಯಲ್ಲಿರುವವರು ಆಗ ತೀರ ಚಿಕ್ಕವರು. ನೊರೆಯಿಲ್ಲದ, ವಾಸನೆಯಿಲ್ಲದ ಬೆಳ್ಳಂದೂರು ಕೆರೆಯನ್ನು ಅವರು ನೋಡಿಯೇ ಇಲ್ಲ. ಆ ಕೆರೆಯಲ್ಲಿ ಮೀನು ಹಿಡಿದ, ಅದರ ನೀರಿನಿಂದ ಗದ್ದೆ ಮಾಡಿದ ಹಿರಿಯರು ಸುತ್ತಲ ಹಳ್ಳಿಗಳ ಹಳೆಯ ಮನೆಗಳಲ್ಲಿ ಇನ್ನೂ ಇದ್ದಾರೆ. ಅಂಥ ಒಬ್ಬ ಅಜ್ಜಿಯನ್ನೋ ತಾತನನ್ನೋ ತರಗತಿಗೆ ಕರೆಸಿ ಒಂದು ಗಂಟೆ ಮಾತನಾಡಿಸಿದರೆ, ನಕ್ಷೆಯಲ್ಲಿ ಬಿಟ್ಟುಹೋದ ಕೆರೆ ಮರುದಿನವೇ ನಕ್ಷೆಯೊಳಗೆ ಬರುತ್ತದೆ. ಹಿಂದಿನ ಸ್ಥಿತಿ ಯಾವುದೆಂದು ತಿಳಿಯದೆ ಈಗಿನ ಸ್ಥಿತಿಯನ್ನು ಅಳೆಯಲು ಯಾರಿಂದಲೂ ಆಗದು.

ಗಾಳಿಯ ವಿಚಾರದಲ್ಲಿ ಮಾತ್ರ ಹಿರಿಯರ ನೆನಪು ಸಾಲದು, ಅಳತೆಯೇ ಬೇಕು. ಪಿಎಂ 2.5 ಎಂದು ಕರೆಯುವ, ಗಾಳಿಯಲ್ಲಿ ತೇಲುವ ಕಣಗಳ ಗಾತ್ರ 2.5 ಮೈಕ್ರಾನ್ ಅಥವಾ ಅದಕ್ಕಿಂತ ಕಡಿಮೆ. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 70 ಮೈಕ್ರಾನ್. ಕಣ್ಣಿಗಾಗಲಿ ಮೂಗಿಗಾಗಲಿ ಇವು ಬಿಡಿಬಿಡಿಯಾಗಿ ಸಿಗುವುದಿಲ್ಲ, ಶ್ವಾಸಕೋಶದ ತುದಿಯವರೆಗೂ ಇಳಿಯುತ್ತವೆ. ಈ ವಯಸ್ಸಿಗೆ ಇದು ಏಕೆ ಮುಖ್ಯವೆಂಬುದನ್ನು ಮಕ್ಕಳಿಗೇ ಬಿಡಿಸಿ ಹೇಳುವುದು ಒಳ್ಳೆಯದು. ದಕ್ಷಿಣ ಕ್ಯಾಲಿಫೋರ್ನಿಯಾದ ಹನ್ನೆರಡು ಊರುಗಳಲ್ಲಿ ಮಕ್ಕಳನ್ನು 10ನೇ ವಯಸ್ಸಿನಿಂದ 18ರವರೆಗೆ ಅನುಸರಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನವು, ಗಾಳಿ ಹೆಚ್ಚು ಮಲಿನವಾದ ಊರುಗಳಲ್ಲಿ ಶ್ವಾಸಕೋಶದ ಬೆಳವಣಿಗೆ ಕುಂಠಿತವಾಗಿರುವುದನ್ನು ತೋರಿಸಿತು. 18ನೇ ವಯಸ್ಸಿಗೆ ಉಸಿರಿನ ಸಾಮರ್ಥ್ಯ ನಿರೀಕ್ಷಿತ ಮಟ್ಟದ ಶೇ 80ಕ್ಕಿಂತ ಕಡಿಮೆಯಿದ್ದವರ ಪ್ರಮಾಣ ಪಿಎಂ 2.5 ಅತಿ ಕಡಿಮೆಯಿದ್ದ ಊರಿನಲ್ಲಿ ಶೇ 1.6ರಷ್ಟಿದ್ದರೆ, ಅತಿ ಹೆಚ್ಚಿದ್ದ ಊರಿನಲ್ಲಿ ಶೇ 7.9ರಷ್ಟಿತ್ತು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಅದೇ ಸಂಶೋಧಕರ ತಂಡ 2015ರಲ್ಲಿ ಪ್ರಕಟಿಸಿದ ಮುಂದಿನ ಫಲಿತಾಂಶ. ಕಾನೂನುಗಳಿಂದಾಗಿ ಅಲ್ಲಿನ ಗಾಳಿ ಸುಧಾರಿಸಿದ ಮೇಲೆ ಬೆಳೆದ ಮಕ್ಕಳ ಶ್ವಾಸಕೋಶಗಳು ಮೊದಲು ಅಧ್ಯಯನಕ್ಕೆ ಒಳಪಟ್ಟ ಮಕ್ಕಳದಕ್ಕಿಂತ ಚೆನ್ನಾಗಿ ಬೆಳೆದಿದ್ದವು. ಈ ಎರಡನೆಯ ಭಾಗವನ್ನು ಹೇಳದೆ ಮೊದಲನೆಯದನ್ನು ಮಾತ್ರ ಹೇಳಿದರೆ ಮಕ್ಕಳ ಮನಸ್ಸಿನಲ್ಲಿ ಭಯವಷ್ಟೇ ಉಳಿಯುತ್ತದೆ.

ನಮ್ಮ ಬಳಿ ಅಳತೆ ಎಲ್ಲಿದೆ ಎಂದರೆ, ಬೆಂಗಳೂರಿನಲ್ಲಿ ಪೀಣ್ಯ, ಸಿಲ್ಕ್ ಬೋರ್ಡ್, ಹೆಬ್ಬಾಳ, ಬಿಟಿಎಂ ಬಡಾವಣೆ, ಜಯನಗರ, ಬಾಪೂಜಿನಗರ, ಹೊಂಬೇಗೌಡನಗರ ಮುಂತಾದೆಡೆ ಗಾಳಿಯ ಮಾಪನ ಕೇಂದ್ರಗಳಿವೆ, ಅವುಗಳ ಅಂಕಿಗಳು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ‘ಸಮೀರ್’ ಆ್ಯಪ್‌ನಲ್ಲಿ ದಿನವೂ ಸಿಗುತ್ತವೆ. ಅಂಕಿ ನೋಡುವಾಗ ಯಾವ ಮಿತಿಯೊಂದಿಗೆ ಹೋಲಿಸುತ್ತೇವೆ ಎಂಬುದನ್ನು ಮಕ್ಕಳ ಗಮನಕ್ಕೆ ತನ್ನಿ. ಪಿಎಂ 2.5ಕ್ಕೆ ನಮ್ಮ ದೇಶದ 2009ರ ಮಾನದಂಡ ವಾರ್ಷಿಕ ಸರಾಸರಿಯಲ್ಲಿ ಘನ ಮೀಟರ್‌ಗೆ 40 ಮೈಕ್ರೋಗ್ರಾಂ, ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಸೂಚಿಸಿದ ಮಿತಿ ಕೇವಲ 5. ಆ್ಯಪ್‌ನಲ್ಲಿ ಹಸಿರು ಬಣ್ಣ ಕಂಡ ಮಾತ್ರಕ್ಕೆ ಗಾಳಿ ನಿರಪಾಯವೆಂದು ತೀರ್ಮಾನಿಸುವ ಮುನ್ನ ಈ ಅಂತರವನ್ನು ಅವರು ತಿಳಿದಿರಬೇಕು. ಮಾಪನ ಕೇಂದ್ರ ಶಾಲೆಯಿಂದ ದೂರವಿದ್ದರೆ ಒಂದು ಸರಳ ಪ್ರಯೋಗ ಮಾಡಬಹುದು. ಬಿಳಿ ರಟ್ಟಿನ ತುಂಡುಗಳಿಗೆ ತೆಳುವಾಗಿ ವ್ಯಾಸಲಿನ್ ಸವರಿ, ಒಂದನ್ನು ಮುಖ್ಯರಸ್ತೆಯ ಕಡೆಯ ಕಿಟಕಿಗೆ, ಇನ್ನೊಂದನ್ನು ಒಳಗಿನ ಗಲ್ಲಿಯ ಮನೆಯೊಂದಕ್ಕೆ, ಮತ್ತೊಂದನ್ನು ಕಟ್ಟಡ ಕೆಲಸ ನಡೆಯುವ ಜಾಗದ ಹತ್ತಿರ, ಮಳೆ ಬೀಳದ ವಾರ ನೋಡಿ ಕಟ್ಟಿಸಿ. ವಾರದ ಕೊನೆಗೆ ಅವನ್ನು ಒಂದರ ಪಕ್ಕ ಒಂದಿಟ್ಟರೆ ಬಣ್ಣದ ವ್ಯತ್ಯಾಸ ಯಾರಿಗಾದರೂ ಕಾಣುತ್ತದೆ. ರಟ್ಟಿಗೆ ಹತ್ತಿದ್ದು ಹೆಚ್ಚಾಗಿ ದಪ್ಪ ಧೂಳು, ಪಿಎಂ 2.5 ಅದರಿಂದ ತಿಳಿಯುವುದಿಲ್ಲ ಎಂಬುದನ್ನೂ ಅದೇ ಹೊತ್ತಿಗೆ ಹೇಳಿಬಿಡಿ. ಪ್ರಯೋಗದ ಮಿತಿಯನ್ನು ತಿಳಿಯುವುದೂ ವಿಜ್ಞಾನದ ಪಾಠವೇ.

ಉಳಿದ ಅಗೋಚರ ಸಂಗತಿಗಳನ್ನು ಸಂಕ್ಷೇಪವಾಗಿ ಹೇಳುತ್ತೇನೆ. ಶಬ್ದಕ್ಕೆ ಕಿವಿ ಒಗ್ಗಿಹೋಗುವುದರಿಂದ ಮಕ್ಕಳು ಅದನ್ನು ಬರೆಯುವುದೇ ಕಡಿಮೆ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ 45 ಡೆಸಿಬಲ್ ಮಿತಿಯಿದ್ದು, ಶಾಲೆಯ ಸುತ್ತಲಿನ ನಿಶ್ಶಬ್ದ ವಲಯದಲ್ಲಿ ಹಗಲಿನ ಮಿತಿ 50. ಮೊಬೈಲ್ ಆ್ಯಪ್‌ಗಳ ಅಳತೆ ನಿಖರವಲ್ಲದಿದ್ದರೂ ಎರಡು ಜಾಗಗಳನ್ನು ಹೋಲಿಸುವುದಕ್ಕೆ ಸಾಕು. ನೀರಿನ ವಿಷಯದಲ್ಲಿ ತಿಳಿಯಾಗಿದ್ದರೆ ಶುದ್ಧವೆಂಬ ನಂಬಿಕೆ ಗಟ್ಟಿಯಾಗಿದೆ, ಟಿಡಿಎಸ್ ಮೀಟರಿನ ಅಂಕಿ ಕಡಿಮೆಯಿದ್ದರೆ ಮನೆಯವರೂ ನಿಶ್ಚಿಂತರಾಗುತ್ತಾರೆ. ಆ ಮೀಟರ್ ಕರಗಿದ ಲವಣಗಳನ್ನು ಅಂದಾಜಿಸುತ್ತದೆಯೇ ಹೊರತು ರೋಗಾಣುಗಳನ್ನಲ್ಲ. ರೋಗಾಣುಗಳ ಸುಳಿವು ಬೇಕಾದರೆ, ನೀರು ಕಲುಷಿತವಾಗಿದ್ದಾಗ ಒಂದೆರಡು ದಿನಗಳಲ್ಲಿ ಕಪ್ಪಾಗುವ ಎಚ್‌2ಎಸ್ ಬಾಟಲಿಯ ಪರೀಕ್ಷೆಯನ್ನು ಪ್ರಯೋಗಾಲಯದಲ್ಲಿ ಮಾಡಿಸಬಹುದು.

ಸೊಳ್ಳೆಯ ಬಗ್ಗೆ ಒಂದು ಮಾತು ಹೆಚ್ಚಿಗೆ ಹೇಳಬೇಕು, ಏಕೆಂದರೆ ಇಲ್ಲಿ ಮಕ್ಕಳ ಕಣ್ಣು ಅವರನ್ನು ತಪ್ಪು ಜಾಗಕ್ಕೆ ಕರೆದೊಯ್ಯುತ್ತದೆ. ಡೆಂಗಿ ಎಂದರೆ ಅವರು ಚರಂಡಿಯನ್ನೂ ಕಸವನ್ನೂ ತೋರಿಸುತ್ತಾರೆ. ಡೆಂಗಿ ಹರಡುವ ಈಡಿಸ್ ಸೊಳ್ಳೆ ಮುಖ್ಯವಾಗಿ ನಿಂತ ತಿಳಿನೀರಿನಲ್ಲಿ ಬೆಳೆಯುತ್ತದೆ, ಹಗಲಿನಲ್ಲಿ ಕಚ್ಚುತ್ತದೆ, ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು ಅದಕ್ಕೆ ಒಂದು ವಾರದಿಂದ ಹತ್ತು ದಿನ ಸಾಕು. ಮುಚ್ಚಳವಿಲ್ಲದ ಡ್ರಮ್ಮು, ಸಂಪಿನ ಸಂದು, ತಾರಸಿಯ ಮೇಲಿನ ಹಳೆಯ ಟೈರು, ಎಳನೀರಿನ ಬುರುಡೆ, ಫ್ರಿಡ್ಜಿನ ಹಿಂದಿನ ತಟ್ಟೆ, ಕಟ್ಟುತ್ತಿರುವ ಮನೆಯ ಕ್ಯೂರಿಂಗ್ ನೀರು ಅದರ ಜಾಗಗಳು. ನೀರು ಬರುವ ದಿನ ಹಿಡಿದಿಟ್ಟು ಬಳಸುವ ಮನೆಗಳಲ್ಲಿ, ಟ್ಯಾಂಕರ್ ನೀರನ್ನೇ ನಂಬಿದ ಬೀದಿಗಳಲ್ಲಿ ಡ್ರಮ್ಮುಗಳು ಹೆಚ್ಚು. 2024ರ ಬೇಸಿಗೆಯ ನೀರಿನ ಬವಣೆಯನ್ನು ಕಂಡವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಅದೇ ವರ್ಷ ಕರ್ನಾಟಕ ಸರ್ಕಾರ ಡೆಂಗಿಯನ್ನು ಸಾಂಕ್ರಾಮಿಕ ರೋಗವೆಂದು ಅಧಿಸೂಚನೆ ಹೊರಡಿಸಿತು. ನೀರಿನ ಕೊರತೆ ಮತ್ತು ಜ್ವರದ ನಡುವಿನ ಈ ಕೊಂಡಿಯನ್ನು ಮಕ್ಕಳು ತಾವೇ ತಾರಸಿ ಹತ್ತಿ ಹುಡುಕಿ ಕಂಡುಕೊಂಡರೆ ಆ ಪಾಠ ಮರೆಯುವುದಿಲ್ಲ.

ಓಜೋನ್ ಮತ್ತು ಹಿಮನದಿಗಳ ಬಗ್ಗೆ ಬರೆದದ್ದಕ್ಕೆ ಮಕ್ಕಳನ್ನು ದೂರಬೇಡಿ. ‘ಪರಿಸರ’ ಎಂಬ ಶೀರ್ಷಿಕೆಯ ಪಾಠಗಳಲ್ಲಿ ಅವರು ಅದನ್ನೇ ಓದಿದ್ದಾರೆ, ಅಂಕ ಸಿಗುವುದೂ ಅದಕ್ಕೇ ಎಂದು ಅನುಭವದಿಂದ ಕಲಿತಿದ್ದಾರೆ. ಭಾರತವೂ ಸೇರಿದಂತೆ ಹತ್ತು ದೇಶಗಳ 16ರಿಂದ 25ರ ವಯಸ್ಸಿನ 10,000 ಮಂದಿಯನ್ನು ಮಾತನಾಡಿಸಿದ 2021ರ ಸಮೀಕ್ಷೆಯಲ್ಲಿ ಶೇ 59ರಷ್ಟು ಮಂದಿ ಹವಾಮಾನ ಬದಲಾವಣೆಯ ಬಗ್ಗೆ ತೀವ್ರವಾಗಿ ಕಳವಳಗೊಂಡಿದ್ದರು, ಶೇ 45ರಷ್ಟು ಮಂದಿ ಈ ಕಳವಳ ತಮ್ಮ ದಿನನಿತ್ಯದ ಬದುಕಿಗೇ ತಟ್ಟುತ್ತಿದೆ ಎಂದಿದ್ದರು. ದೂರದ ಹಿಮನದಿಯ ಬಗ್ಗೆ ಭಯವಿದ್ದು, ಅದಕ್ಕಾಗಿ ಮಾಡಬಹುದಾದ ಕೆಲಸವೊಂದೂ ಕೈಗೆ ಸಿಗದಿದ್ದಾಗ ಆ ಕಳವಳ ಹೆಚ್ಚುತ್ತದೆ. ತಾವೇ ಅಳೆದ, ತಾವೇ ಬರೆದು ಕಳಿಸಿದ, ಉತ್ತರ ಬಂದ ಒಂದು ಸಣ್ಣ ಸಮಸ್ಯೆ ಮಕ್ಕಳಿಗೆ ಬೇರೆಯದೇ ಬಲ ಕೊಡುತ್ತದೆ.

ಆದ್ದರಿಂದ ಮುಂದಿನ ಸಲ ವಿಷಯ ಕೊಡುವಾಗ ‘ಪರಿಸರ’ ಎಂಬ ಪದವನ್ನೇ ಬಿಟ್ಟು ನೋಡಿ. ಸಂಜೆ ಐದಕ್ಕೆ ನೀನು ಎಲ್ಲಿಗೆ ಹೋಗುತ್ತೀಯ, ಯಾವ ರಸ್ತೆಯನ್ನು ಬಳಸಿ ಸುತ್ತಿಕೊಂಡು ಹೋಗುತ್ತೀಯ, ಊರಿನಿಂದ ಬಂದ ಅತ್ತೆಯ ಮಗನಿಗೆ ಯಾವ ಜಾಗ ತೋರಿಸುತ್ತೀಯ, ಯಾವುದನ್ನು ತೋರಿಸಲು ನಾಚಿಕೆಯಾಗುತ್ತದೆ, ಮನೆಯಲ್ಲಿ ಯಾರಿಗೆ ಕೆಮ್ಮು ಅಥವಾ ಜ್ವರ ಬಂದಿತ್ತು, ಯಾವ ತಿಂಗಳಿನಲ್ಲಿ ಎಂದು ಕೇಳಿ. ಹುಡುಗಿಯರ ಗುಂಪು ಮತ್ತು ಹುಡುಗರ ಗುಂಪು ಬೇರೆ ಬೇರೆ ನಕ್ಷೆ ಮಾಡಲಿ, ನಂತರ ಎರಡನ್ನೂ ಗೋಡೆಗೆ ಹಚ್ಚಿ ಎಲ್ಲರೂ ನೋಡಲಿ. ಫೋಟೊ ತೆಗೆಯುವುದಾದರೆ ಜಾಗದ್ದು ಮಾತ್ರ ತೆಗೆಯಲಿ. ಪೌರಕಾರ್ಮಿಕರದ್ದಾಗಲಿ ನೆರೆಯವರದ್ದಾಗಲಿ ಮುಖ ಬರಬಾರದು. ಈ ಎಚ್ಚರಿಕೆ ತಪ್ಪಿದರೆ ಕಸ ಎಸೆದವರನ್ನು ಬಿಟ್ಟು ಕಸ ಎತ್ತುವವರ ಮೇಲೆ ದೂರು ಬೀಳುತ್ತದೆ.

ಕಚೇರಿಗೆ ಕಳಿಸುವ ಬಗ್ಗೆ. ಮಕ್ಕಳಿಗೆ ಸಂಬಂಧಿಸಿದ ವಿಷಯಗಳಲ್ಲಿ ಅವರ ಮಾತಿಗೆ ಕಿವಿಗೊಡಬೇಕೆಂಬುದು ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ, ಭಾರತ ಅದನ್ನು 1992ರಲ್ಲಿ ಒಪ್ಪಿಕೊಂಡಿದೆ. ಪರಿಸರದ ವಿಷಯದಲ್ಲೂ ಈ ಹಕ್ಕು ಅನ್ವಯಿಸುತ್ತದೆಂದು ಆ ಒಡಂಬಡಿಕೆಯ ಸಮಿತಿ 2023ರಲ್ಲಿ ವಿವರವಾಗಿ ಹೇಳಿದೆ. ನಮ್ಮ ರಾಜ್ಯದ ಹಳ್ಳಿಗಳಲ್ಲಿ ಮಕ್ಕಳ ಗ್ರಾಮಸಭೆಗಳು ನಡೆಯುತ್ತವೆ; ಗ್ರಾಮ ಪಂಚಾಯಿತಿಯವರ ಎದುರು ನಿಂತು ಮಕ್ಕಳು ಶೌಚಾಲಯ, ದೀಪ, ರಸ್ತೆಗಳ ಬಗ್ಗೆ ಕೇಳುತ್ತಾರೆ. ಬೆಂಗಳೂರಿನಲ್ಲಿ ಅಂಥ ವೇದಿಕೆ ಬೇರೂರಿಲ್ಲ. 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯದೆ, ದೊಡ್ಡವರಿಗೂ ಕೇಳಲು ಕಾರ್ಪೊರೇಟರ್ ಇಲ್ಲದಂತಾಯಿತು. ಬಡಾವಣೆಯ ಸಮಸ್ಯೆಗೆ ಉತ್ತರಿಸುವ ಜನರಿರುತ್ತಾರೆ ಎಂಬುದನ್ನೇ ಕಾಣದೆ ಬೆಳೆದ ಮಕ್ಕಳು ಇವರು. ‘ಹೇಳಿ ಏನು ಪ್ರಯೋಜನ’ ಎಂದು ಯಾರಾದರೂ ಬರೆದಿದ್ದರೆ ಅದು ಉದಾಸೀನವಲ್ಲ, ಕಂಡು ಕಲಿತ ಪಾಠ.

ಇದೇ ಕಾರಣಕ್ಕೆ ಅರ್ಜಿಯನ್ನು ಸರಿಯಾದ ಬಾಗಿಲಿಗೆ ಕಳಿಸುವುದು ಮುಖ್ಯ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿಯ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ನಗರ ಪಾಲಿಕೆಗಳು ಬಂದಿವೆ. ಬೀದಿದೀಪ, ಫುಟ್‌ಪಾತ್, ಉದ್ಯಾನದ ವಿಷಯ ನಿಮ್ಮ ಭಾಗದ ಪಾಲಿಕೆಗೆ. ಒಳಚರಂಡಿ ಮತ್ತು ಕುಡಿಯುವ ನೀರು ಜಲಮಂಡಳಿಗೆ, ಅದರ ಸಹಾಯವಾಣಿ 1916. ಟ್ರಾನ್ಸ್‌ಫಾರ್ಮರ್ ಮತ್ತು ತಂತಿಗಳು ಬೆಸ್ಕಾಂಗೆ, ಅದರದ್ದು 1912. ಕಾರ್ಖಾನೆಯ ಹೊಗೆಯಾದರೆ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಎಲ್ಲ ದೂರುಗಳನ್ನೂ ಒಂದೇ ಪತ್ರದಲ್ಲಿ ತುಂಬಿ ಆಯುಕ್ತರಿಗೆ ಕಳಿಸಿದರೆ ಅದು ಎಲ್ಲಿಯೂ ನಿಲ್ಲುವುದಿಲ್ಲ. ತರಗತಿಯೇ ಕೂತು ಒಂದೋ ಎರಡೋ ವಿಷಯ ಆರಿಸಿಕೊಳ್ಳಲಿ. ಜಾಗ, ದಿನಾಂಕ, ಸಮಯ, ಒಂದು ಫೋಟೊ, ನಕ್ಷೆಯ ಭಾಗ, ಏನಾಗಬೇಕೆಂಬ ಒಂದು ವಾಕ್ಯ ಇಷ್ಟೇ ಸಾಕು. ಕೆಳಗೆ ಶಾಲೆಯ ಹೆಸರಿರಲಿ, ಮಕ್ಕಳ ಹೆಸರು ಮತ್ತು ಮನೆಯ ವಿಳಾಸ ಬೇಡ. ಸ್ವೀಕೃತಿಯ ಮೊಹರು ಹಾಕಿಸಿಕೊಂಡ ಪ್ರತಿಯನ್ನು ತರಗತಿಯ ಗೋಡೆಗೆ ಅಂಟಿಸಿ.

ಒಂದು ಎಚ್ಚರಿಕೆ ಹೇಳಲೇಬೇಕು. ವಿಶ್ವ ಪರಿಸರ ದಿನವಾದ ಜೂನ್ 5ರಂದು ಮಕ್ಕಳ ಕೈಗೆ ಫಲಕ ಕೊಟ್ಟು ಬಿಸಿಲಿನಲ್ಲಿ ಜಾಥಾ ಮಾಡಿಸುವುದನ್ನು ಭಾಗವಹಿಸುವಿಕೆ ಎಂದು ಕರೆಯಬಾರದು. ಮಕ್ಕಳ ಭಾಗವಹಿಸುವಿಕೆಯ ಮಟ್ಟಗಳನ್ನು 1992ರಲ್ಲಿ ಎಂಟು ಮೆಟ್ಟಿಲುಗಳಾಗಿ ವಿವರಿಸಿದ ರೋಜರ್ ಹಾರ್ಟ್ ಅವರು ಇಂಥ ಅಲಂಕಾರಕ್ಕೆ ಬಳಸುವುದನ್ನು ಕೆಳಗಿನ ಮೆಟ್ಟಿಲುಗಳಲ್ಲಿ ಇಟ್ಟು, ಅದು ಭಾಗವಹಿಸುವಿಕೆಯೇ ಅಲ್ಲ ಎಂದರು. ಸತ್ಯನಗರದ ಅಧ್ಯಯನದ ನಂತರವೂ, ಮಕ್ಕಳ ಸಲಹೆಗಳು ಕಾರ್ಯರೂಪಕ್ಕೆ ಬರುವ ದಾರಿಯಲ್ಲಿ ಎದುರಾಗುವ ಅಡೆತಡೆಗಳ ಬಗ್ಗೆಯೇ ಸಂಶೋಧಕರು ಪ್ರತ್ಯೇಕವಾಗಿ ಬರೆಯಬೇಕಾಯಿತು. ಉತ್ತರ ಬಾರದಿದ್ದರೆ ಬರಲಿಲ್ಲವೆಂದು ಮಕ್ಕಳಿಗೆ ತಿಳಿಸಿ, ಮತ್ತೊಂದು ಪತ್ರ ಬರೆಸಿ. ಮಾಹಿತಿ ಹಕ್ಕಿನ ಅರ್ಜಿಯನ್ನು ನೀವೇ ಹಾಕಬಹುದು. ಕೇಳಿಸಿಕೊಂಡಂತೆ ಮಾಡಿ ಸುಮ್ಮನಾಗುವುದಕ್ಕಿಂತ ಕೇಳದೇ ಇರುವುದು ಕಡಿಮೆ ಹಾನಿಕರ ಎಂಬುದು ನನ್ನ ದೃಢವಾದ ಅಭಿಪ್ರಾಯ.

‘ಏನೂ ತೊಂದರೆ ಇಲ್ಲ’ ಎಂದು ಬರೆದವರಿಗೆ ಅಂಕ ಕಳೆಯಬೇಡಿ. ಅವರ ಬೀದಿ ನಿಜವಾಗಿಯೂ ಚೆನ್ನಾಗಿರಬಹುದು. ಬಡಾವಣೆಯಲ್ಲಿ ಓಡಾಡುವ ಅವಕಾಶವೇ ಇಲ್ಲದೆ ಶಾಲಾ ವಾಹನದಿಂದ ಮನೆಯ ಬಾಗಿಲಿಗೆ ಇಳಿಯುವವರಾಗಿರಬಹುದು. ತಮ್ಮ ಜಾಗದ ಬಗ್ಗೆ ತರಗತಿಯ ಎದುರು ಕೆಟ್ಟದಾಗಿ ಹೇಳಿ ತಲೆ ತಗ್ಗಿಸಲು ಇಷ್ಟವಿಲ್ಲದವರಾಗಿರಬಹುದು. ಮೂರನೆಯದು ಹೆಚ್ಚಾಗಿ ಬಡ ಮನೆಗಳ ಮಕ್ಕಳಲ್ಲಿ ಇರುತ್ತದೆ, ಎಲ್ಲರೆದುರು ಓದಿಸಿದರೆ ಅವರು ಮುಂದಿನ ಸಲವೂ ಇದನ್ನೇ ಬರೆಯುತ್ತಾರೆ. ಅವರನ್ನು ಪ್ರತ್ಯೇಕವಾಗಿ ಕೂರಿಸಿಕೊಂಡು, ನಿಮ್ಮ ಬೀದಿಯಲ್ಲಿ ಬೇರೆ ಬೀದಿಯವರಿಗೆ ಇಲ್ಲದ್ದು ಏನಿದೆ ಎಂದು ಕೇಳಿ. ಕೊರತೆಯ ಮಾತು ಬರುವುದಿದ್ದರೆ ಅದರ ನಂತರವೇ ಬರುತ್ತದೆ.

ಇಡೀ ಕೆಲಸವನ್ನು ವರ್ಷಕ್ಕೆ ಎರಡು ಸಲ ಮಾಡಿಸಿದರೆ ಚೆನ್ನು. ಜುಲೈನಲ್ಲಿ ಸೊಳ್ಳೆ, ಚರಂಡಿ, ನಿಂತ ನೀರು ಕಾಣುತ್ತವೆ. ಮಳೆ ನಿಂತು ಗಾಳಿಯಲ್ಲಿ ಧೂಳು ಹೆಚ್ಚುವ ಜನವರಿಯಲ್ಲಿ ರಟ್ಟಿನ ಪ್ರಯೋಗ ಸರಿಯಾಗಿ ನಡೆಯುತ್ತದೆ, ಕಸ ಮತ್ತು ಒಣ ಎಲೆ ಸುಡುವುದೂ ಆಗಲೇ ಹೆಚ್ಚು. ಎರಡೂ ಸಲ ಅದೇ ನಕ್ಷೆಯ ಪ್ರತಿಯನ್ನೇ ಬಳಸಿ, ಬೇರೆ ಬೇರೆ ಬಣ್ಣದ ಪೆನ್ಸಿಲಿನಿಂದ ಗುರುತು ಹಾಕಿಸಿ. ಮುಂದಿನ ವರ್ಷ ಒಂಬತ್ತಕ್ಕೆ ಬರುವವರಿಗೆ ಈ ನಕ್ಷೆಯನ್ನೇ ಕೊಟ್ಟು, ಯಾವ ಗುರುತು ಅಳಿಯಿತು, ಯಾವುದು ಹೊಸದಾಗಿ ಬಂತು ಎಂದು ನೋಡಿಕೊಂಡು ಬರಲು ಹೇಳಿ.